ಮರಿಯಾ ಮೊಲಿನೆರ್ ಅವರಿಗೆ, ಕೆಳಮನೆಯ ಅಜ್ಜಿಗೆ

ಸ್ಪ್ಯಾನಿಷ್ ಭಾಷೆಯ ಸಿ1 ಅನ್ನುವ ಮೇಲ್ಮಟ್ಟದ ಪರೀಕ್ಷೆ ಪಾಸಾದೆ. ಮೂರನೇ ಸಲ ಬರೆದು, 47ನೇ ವಯಸ್ಸಿನಲ್ಲಿ. ನಿನ್ನೆ ರಿಸಲ್ಟ್ ನೋಡುವಾಗ ಕೈ ನಡುಗುತ್ತಿತ್ತು.

ಮ್ಯಾಡ್ರಿಡ್‌ಗೆ ಬಂದು ಆರು ವರ್ಷ. ಎರಡನೇ ಸಲ ಫೇಲಾದ ದಿನ ಪುಸ್ತಕಗಳನ್ನೆಲ್ಲ ಕಟ್ಟಿ ಬೀರುವಿನ ಮೇಲೆ ಹಾಕಿಬಿಟ್ಟಿದ್ದೆ. ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನಿಸಿತ್ತು. ಅವತ್ತು ಸಂಜೆ ಕೆಳಮನೆಯ ಅಜ್ಜಿ ಎರಡು ದಪ್ಪ ಸಂಪುಟ ಹೊತ್ತು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಅಂಚುಗಳೆಲ್ಲ ಸವೆದಿದ್ದವು. "ಮರಿಯಾ ಮೊಲಿನೆರ್" ಅಂದರು, ಅಷ್ಟೇ. ಇಲ್ಲಿ ಆ ನಿಘಂಟನ್ನು ಬರೆದಾಕೆಯ ಹೆಸರಲ್ಲೇ ಕರೆಯುತ್ತಾರೆ.

ಮರಿಯಾ ಲೈಬ್ರರಿಯನ್ ಆಗಿದ್ದವರು. ಹಳ್ಳಿಹಳ್ಳಿಗೆ ಪುಸ್ತಕ ತಲುಪಿಸಲು ದುಡಿದವರು. ಸ್ಪೇನಿನ ಅಂತರ್ಯುದ್ಧ ಮುಗಿದ ಮೇಲೆ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಅವರನ್ನು ಕೆಲಸದಲ್ಲಿ 18 ಮೆಟ್ಟಿಲು ಕೆಳಕ್ಕೆ ತಳ್ಳಿತು. ಗಂಡ ಪ್ರೊಫೆಸರ್ ಹುದ್ದೆ ಕಳೆದುಕೊಂಡರು. ನಾಲ್ಕು ಮಕ್ಕಳ ಸಂಸಾರ. ಐವತ್ತು ದಾಟಿದ ಮೇಲೆ, 1952ರ ಸುಮಾರಿಗೆ, ಆ ತಾಯಿ ಮನೆಯಲ್ಲೇ ಕೂತು ನಿಘಂಟು ಶುರು ಮಾಡಿದರು. ಹಗಲು ಲೈಬ್ರರಿ ಕೆಲಸ. ಉಳಿದ ಹೊತ್ತಲ್ಲಿ ಒಂದೊಂದೇ ಪದವನ್ನು ಚೀಟಿಗೆ ಇಳಿಸುವುದು. ಹೀಗೇ ಸುಮಾರು 15 ವರ್ಷ! ಎರಡು ಸಂಪುಟ 1966 ಮತ್ತು 67ರಲ್ಲಿ ಬಂದವು. 1972ರಲ್ಲಿ ಸ್ಪ್ಯಾನಿಷ್ ಭಾಷೆಯ ದೊಡ್ಡ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಸದಸ್ಯತ್ವಕ್ಕೆ ಅವರ ಹೆಸರು ಹೋಯಿತು, ಆದರೆ ಆರಿಸಲಿಲ್ಲ. ಓದಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಅವರ ನಿಘಂಟು ಬರೀ ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಪದವನ್ನು ಹೇಗೆ ಬಳಸಬೇಕು, ಅದರ ನೆಂಟರು ಯಾರು ಅಂತಲೂ ತೋರಿಸುತ್ತದೆ. ಮಳೆ ಹುಡುಕಿ ಹೋದರೆ ಯೊವಿಥ್ನಾ, ಚಪರ್ರೋನ್, ಅಗ್ವಾಥೆರೋ ಎಲ್ಲ ಸಿಗುತ್ತವೆ. ನಾನು ಪಕ್ಕದಲ್ಲಿ ನಮ್ಮ ತುಂತುರು, ಜಡಿಮಳೆ ಬರೆದುಕೊಂಡೆ. ಅವತ್ತಿನಿಂದ ಈ ಭಾಷೆಯ ಭಯ ಹೋಯಿತು. ಮರಿಯಾ ಅವರೇ, 1981ರಲ್ಲೇ ಹೋಗಿಬಿಟ್ಟಿರಿ, ಆದರೂ ಹೇಳಬೇಕು: ನೀವಿಲ್ಲದೆ ಇದು ಆಗುತ್ತಿರಲಿಲ್ಲ.

ಶಿವಮೊಗ್ಗದಿಂದ ದಿನಾ ಫೋನ್ ಮಾಡಿ "ಓದಿದ್ಯೇನೇ?" ಅಂತ ಕೇಳಿದ ಅಮ್ಮನಿಗೆ, ಪರೀಕ್ಷೆಯ ತಿಂಗಳೆಲ್ಲ ಅಡುಗೆ ನೋಡಿಕೊಂಡ ನಮ್ಮ ಯಜಮಾನರಿಗೆ, ತಪ್ಪು ಉಚ್ಚಾರಣೆಯನ್ನು ಹತ್ತು ಸಲ ತಿದ್ದಿದ ಮಗಳಿಗೆ ತುಂಬಾ ಥ್ಯಾಂಕ್ಸ್.

ಅಜ್ಜಿಗೆ ಮಾತ್ರ ಇಲ್ಲಿ ಬರೆದರೆ ಸಾಲದು, ಅವರಿಗೆ ಕನ್ನಡ ಬರಲ್ಲ. ಭಾನುವಾರ ಹೋಳಿಗೆ ಮಾಡಿಕೊಂಡು ಕೆಳಗೆ ಹೋಗುತ್ತೇನೆ. ಎರಡೂ ಸಂಪುಟಕ್ಕೆ ಹೊಸ ರಟ್ಟು ಹಾಕಿಸಿಟ್ಟಿದ್ದೇನೆ.