ಮಿರಗ ಕೂಡುವ ಮೊದಲು ಒಂದಿಷ್ಟು ಋಣಸಂದಾಯ

ಮೇ ಮುಗಿಯುತ್ತ ಬಂತು, ಮಿರಗ (ಮೃಗಶಿರ ಮಳೆ) ಕೂಡುವ ದಿನ ಹತ್ತಿರವಾಯಿತು. ಸಂಜೆಯಾದರೆ ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಹುಬ್ಬಳ್ಳಿ–ಧಾರವಾಡದ ನಮ್ಮ ಹವ್ಯಾಸಿ ಖಗೋಳ ಕೂಟದ ಈ ವರ್ಷದ ವೀಕ್ಷಣೆಯ ಹಂಗಾಮು ಇಲ್ಲಿಗೆ ಮುಗಿಯಿತು. ಕಳೆದ ಮಳೆಗಾಲದಲ್ಲಿ ಹಳೆಯ ದೂರದರ್ಶಕದ ಕನ್ನಡಿಗೆ ಬೂಷ್ಟು ಹಿಡಿದು ಲೇಪನ ಎದ್ದುಹೋದಾಗ ಈ ಹಂಗಾಮು ನಡೆಯುವುದೇ ಅನುಮಾನವಿತ್ತು. ನಡೆದದ್ದು ಇಲ್ಲೇ ತಿಕ್ಕಿ, ಇಲ್ಲೇ ಜೋಡಿಸಿದ 6 ಇಂಚಿನ ಎರಡು ಡಾಬ್ಸೋನಿಯನ್ (ಹಲಗೆಯ ಪೆಟ್ಟಿಗೆಯ ಮೇಲೆ ಕೂತು ಕೈಯಿಂದ ತಿರುಗುವ) ದೂರದರ್ಶಕಗಳಿಂದ.

‘ಸಹಕರಿಸಿದ ಸರ್ವರಿಗೂ ವಂದನೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ರೂಢಿಯಿದೆ. ಅದು ಯಾರಿಗೂ ಮುಟ್ಟುವುದಿಲ್ಲ. ಯಾರ ನೆರವು ಯಾವ ಕೆಲಸಕ್ಕೆ ಬಂತೆಂದು ಬಿಡಿಸಿ ಬರೆದರೆ, ನಾಳೆ ಇದೇ ಕೆಲಸಕ್ಕೆ ಕೈಹಾಕುವ ಬೇರೆ ಊರಿನ ಶಾಲೆಯವರಿಗೂ ಅನುಕೂಲವಾದೀತು.

ಮೊದಲ ನಮಸ್ಕಾರ, ಕನ್ನಡಿ ತಿಕ್ಕಲು ಕೋಣೆ ಬಿಟ್ಟುಕೊಟ್ಟ ಕಾಲೇಜಿನವರಿಗೆ. 6 ಇಂಚು ಅಗಲ, 1 ಇಂಚು ದಪ್ಪದ ಎರಡು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ತಿಕ್ಕಿದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಮಗೆ ಬೇಕಿದ್ದ ನಾಭಿದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ) 1,220 ಮಿಲಿಮೀಟರ್. ಅದಕ್ಕೆ ಕನ್ನಡಿಯ ನಡುಮಧ್ಯ 1.19 ಮಿಲಿಮೀಟರ್ ಆಳವಾದರೆ ಸಾಕು. ಇಷ್ಟು ಸಣ್ಣ ಆಳ ಅಳೆಯುವುದು ಹೇಗೆಂದು ತೋರಿಸಿದವರು ಗೋಕುಲ ರೋಡಿನ ಲೇಥ್ ಅಂಗಡಿಯವರು: ಕನ್ನಡಿಯ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು, 1.2 ಮಿಲಿಮೀಟರಿನ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ನಡುವೆ ತೂರಿಸಿ ನೋಡುವುದು. ಬಿಟ್ಟು ಮುಟ್ಟಿಯೂ ಮುಟ್ಟದಂತೆ ಹಾಯ್ದರೆ ಒರಟು ಪುಡಿಯ ಕೆಲಸ ಮುಗಿದಂತೆ. ಬಿಟ್ಟು ಕೊಟ್ಟದ್ದೂ ಅವರೇ, ದುಡ್ಡು ಬೇಡ ಅಂದವರೂ ಅವರೇ.

80ರ ಪುಡಿಯ ನಂತರ 120, 220, 320, 500; ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು. ಪ್ರತಿ ಹಂತದಲ್ಲೂ ಹಿಂದಿನ ಪುಡಿ ಬಿಟ್ಟ ಕುಳಿಗಳು ಪೂರ್ತಿ ಹೋಗುವ ತನಕ ತಿಕ್ಕಬೇಕು. ಪುಡಿ ಬದಲಿಸುವಾಗ ಮೇಜು, ಬಕೆಟ್ಟು, ಬಟ್ಟೆ, ಕೈಯುಗುರು ಎಲ್ಲವನ್ನೂ ತೊಳೆದು ಹಾಸಿದ ಪೇಪರ್ ತೆಗೆದೊಗೆಯಬೇಕು. 80ರ ಒಂದೇ ಒಂದು ಕಣ 500ರ ಹಂತಕ್ಕೆ ಬಂದು ಸೇರಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ. ದಿನವೂ ಕೋಣೆ ಒರೆಸಿದ ಸಿಬ್ಬಂದಿಯ ಅಕ್ಕಂದಿರಿಗೆ ಈ ಕಾರಣಕ್ಕಾಗಿಯೇ ವಿಶೇಷ ವಂದನೆ. ಕನ್ನಡಿಯಲ್ಲಿ ಗೀರಿಲ್ಲ.

ಹೊಳಪು ಕೊಡುವ ಕೆಲಸ ಬೇರೆಯದೇ ಲೆಕ್ಕ. ರಾಳ ಕರಗಿಸಿ, ಹರಳೆಣ್ಣೆ ಬೆರೆಸಿ ಮೆದು ಮಾಡಿ ಬಿಲ್ಲೆಯ ಮೇಲೆ ಎರೆದು, ಚೌಕಚೌಕ ಕೊರೆದು, ಸೀರಿಯಂ ಆಕ್ಸೈಡಿನಿಂದ ಉಜ್ಜುವುದು. ನಮ್ಮ ಕಡೆಯ ಬಿಸಿಲಿನಲ್ಲಿ ರಾಳದ್ದೇ ತಕರಾರು: ಮಾರ್ಚ್ ದಾಟಿದರೆ ಮಧ್ಯಾಹ್ನ ಅದು ಹರಿಯತೊಡಗುತ್ತದೆ, ಕನ್ನಡಿಯ ಅಂಚು ಇಳಿದುಹೋಗುತ್ತದೆ. ಅಂಚು ಇಳಿದ ಕನ್ನಡಿಯಲ್ಲಿ ಗುರುಗ್ರಹದ ಪಟ್ಟೆಗಳು ಮಬ್ಬಾಗಿಯೇ ಕಾಣುವುದು, ಎಷ್ಟು ಫೋಕಸ್ ಮಾಡಿದರೂ ಅಷ್ಟೇ. ಆದ್ದರಿಂದ ಈ ಕೆಲಸವನ್ನು ತಂಪು ಹೊತ್ತಿನಲ್ಲೇ ಇಟ್ಟುಕೊಳ್ಳಬೇಕು. ಹೆಬ್ಬೆರಳಿನ ಉಗುರು ಒತ್ತಿದರೆ ಸಣ್ಣ ಗುರುತು ಬೀಳಬೇಕು, ಗುಂಡಿ ಬೀಳಬಾರದು. ಬೆಳಗಿನ ಆರಕ್ಕೇ ಗೇಟು ತೆಗೆದ ಕಾವಲುಗಾರ ಅಣ್ಣನಿಂದ ಇದು ಸಾಧ್ಯವಾಯಿತು. ಕನ್ನಡಿಯ ಆಕಾರದ ದೋಷವನ್ನು ನೆರಳಿನಲ್ಲಿ ತೋರಿಸುವ ಫೂಕೋ ಪರೀಕ್ಷೆಗೆ ಕನ್ನಡಿಯಿಂದ 2.44 ಮೀಟರ್ ದೂರದಲ್ಲಿ ಎಲ್‌ಇಡಿ ದೀಪ, ಬ್ಲೇಡು ಇಟ್ಟು ನೋಡಬೇಕು. ಗಾಳಿ ಅಲುಗಿದರೆ ನೆರಳು ಕುದಿಯುವಂತೆ ಕಾಣುತ್ತದೆ. ರಾತ್ರಿ ಉದ್ದನೆಯ ಕಾರಿಡಾರಿನ ಫ್ಯಾನೆಲ್ಲ ಬಂದ್ ಮಾಡಿಕೊಟ್ಟ ಭೌತಶಾಸ್ತ್ರ ವಿಭಾಗದವರಿಗೂ ಋಣಿಗಳು. ಕನ್ನಡಿಯನ್ನು ಗೋಳಾಕಾರಕ್ಕೇ ನಿಲ್ಲಿಸಿದೆವು. ಈ ಅಳತೆ ಮತ್ತು ಈ ನಾಭಿದೂರಕ್ಕೆ ಬೀಳುವ ದೋಷ ಹೆಚ್ಚುಕಡಿಮೆ ಬೆಳಕಿನ ತರಂಗದೂರದ ಕಾಲು ಭಾಗದಷ್ಟೇ. ಮೊದಲ ಕನ್ನಡಿಗೆ ಪ್ಯಾರಾಬೊಲದ (ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಆಕಾರದ) ಹಟ ಬೇಡ.

ಇನ್ನು ಬಡಿಗೇರ ಮಾಮಾ. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. 6 ಮಿಲಿಮೀಟರ್ ಪ್ಲೈವುಡ್‌ನ ಚೌಕದ ಕೊಳವೆ, ಒಳಗೆ 200 ಮಿಲಿಮೀಟರ್ ಅಗಲ, ಬ್ಲ್ಯಾಕ್‌ಬೋರ್ಡಿಗೆ ಬಳಿಯುವ ಕಪ್ಪು ಬಣ್ಣ. ಕೆಳಗಿನ ಪೆಟ್ಟಿಗೆಗೆ 18 ಮಿಲಿಮೀಟರ್ ಪ್ಲೈ. ಎಲ್ಲರೂ ಎಡವುವುದು ತಿರುಗಣಿಯಲ್ಲಿ. ನುಣುಪಾದ ಸನ್‌ಮೈಕಾ ಹಾಕಿದರೆ ಟೆಫ್ಲಾನ್ ಅದಕ್ಕೆ ಕಚ್ಚಿಕೊಳ್ಳುತ್ತದೆ: ಮೆಲ್ಲಗೆ ದೂಡಿದರೆ ಸರಿಯುವುದಿಲ್ಲ, ಜೋರಾಗಿ ದೂಡಿದರೆ ಜಿಗಿದು ಶನಿಯನ್ನು ದಾಟಿಹೋಗುತ್ತದೆ. ಹರಳುಹರಳಾದ ಮೇಲ್ಮೈಯ ಸನ್‌ಮೈಕಾ ಬೇಕು. ಒಂದೊಂದು ಇಂಚಿನ ಮೂರು ಟೆಫ್ಲಾನ್ ತುಂಡುಗಳು ಕೆಳಗಿನ ಮೂರು ಕಾಲುಗಳ ನೇರ ಮೇಲೆಯೇ ಕೂಡಬೇಕು. ಆಚೀಚೆಯಾದರೆ ಹಲಗೆ ಬಾಗಿ ತೂಗಾಡುತ್ತದೆ. ಮಾಮಾ ಇದನ್ನು ಮೊದಲ ನೋಟದಲ್ಲೇ ಹೇಳಿದರು. ಅವರಿಗೆ ಈ ಬಗೆಯ ದೂರದರ್ಶಕ ರೂಪಿಸಿದ ಡಾಬ್ಸನ್ ಯಾರೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಹಳ್ಳಿಗಳಿಗೆ ಒಯ್ದದ್ದು ಟಾಟಾ ಏಸ್ ಗಾಡಿಯಲ್ಲಿ. ಕೊಳವೆಗೆ ಸುತ್ತಲು ಹಳೆಯ ಕೌದಿಗಳನ್ನು ಕೊಟ್ಟ ತಾಯಂದಿರಿಗೆ ದೊಡ್ಡ ನಮಸ್ಕಾರ. ಥರ್ಮಾಕೋಲಿಗಿಂತ ಕೌದಿ ಎಷ್ಟೋ ಮೇಲು, ಧೂಳೂ ಒಳಗೆ ಬಿಡುವುದಿಲ್ಲ. ಆದರೂ ರಸ್ತೆಯ ತಗ್ಗುಗಳಿಗೆ ಕನ್ನಡಿ ಅಲುಗದೇ ಇರದು. ಇಳಿಸಿದ ಕೂಡಲೇ ಜೋಡಣೆ ನೋಡಬೇಕು: ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ಜಾಗದಲ್ಲಿ ನಡುವೆ ತೂತಿರುವ ಡಬ್ಬಿಯ ಮುಚ್ಚಳ ಇಟ್ಟು ಇಣುಕಿ, ಮೊದಲು ಸಣ್ಣ ಕನ್ನಡಿಯ ಮೂರು ಸ್ಕ್ರೂ ತಿರುವಿ ದೊಡ್ಡ ಕನ್ನಡಿಯ ನಡುವಿನ ಗುರುತನ್ನು ಮಧ್ಯಕ್ಕೆ ತರಬೇಕು, ಆಮೇಲೆ ದೊಡ್ಡ ಕನ್ನಡಿಯ ಹಿಂದಿನ ಬೋಲ್ಟುಗಳಿಂದ, ಇಣುಕುವ ತೂತಿನ ಪ್ರತಿಬಿಂಬವನ್ನು ಆ ಗುರುತಿನೊಳಗೆ ಕೂಡಿಸಬೇಕು. ಕ್ರಮ ತಿರುಗುಮುರುಗಾದರೆ ಅರ್ಧ ತಾಸು ವ್ಯರ್ಥ. ನಂತರ ಕನ್ನಡಿ ಹೊರಗಿನ ಗಾಳಿಗೆ ತಣಿಯಲು ಮುಕ್ಕಾಲು ತಾಸು ಬಿಡಬೇಕು. ಈ ಕಾರಣಕ್ಕೇ ಗಾಡಿ ಹೊತ್ತು ಮುಳುಗುವ ಮೊದಲೇ ಊರು ಮುಟ್ಟಬೇಕೆಂದು ನಾವು ಕಾಡುತ್ತಿದ್ದೆವು. ಸಿಟ್ಟಾಗದೆ ಮುಟ್ಟಿಸಿದ ಡ್ರೈವರ್ ಅಣ್ಣಂದಿರಿಗೆ ಶರಣು.

ಶಾಲೆಯ ಶಿಕ್ಷಕರು ಮಾಡಿದ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. 25 ಮಿಲಿಮೀಟರ್ ಐಪೀಸ್ ಹಾಕಿದರೆ ಸುಮಾರು 49 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆಕಾಶದ ಒಂದು ಡಿಗ್ರಿ ಕಣ್ಣಿಗೆ ಸಿಗುತ್ತದೆ, ಭೂಮಿ ತಿರುಗುವುದರಿಂದ ಗ್ರಹ ನಾಲ್ಕು ನಿಮಿಷದಲ್ಲಿ ಅದನ್ನು ದಾಟಿಹೋಗುತ್ತದೆ. 10 ಮಿಲಿಮೀಟರ್ ಐಪೀಸಿನಲ್ಲಿ ಎರಡು ನಿಮಿಷವೂ ಇರದು. ಗ್ರಹವನ್ನು ನೋಟದ ಪೂರ್ವದ ಅಂಚಿಗಿಟ್ಟು, ಮೂರ್ನಾಲ್ಕು ಮಕ್ಕಳಾದ ಮೇಲೆ ಮತ್ತೆ ಗುರಿ ಹಿಡಿಯಬೇಕು. ಸಾಲು ಕೆಡದಂತೆ ನಿಲ್ಲಿಸಿ, ಗಿಡ್ಡ ಮಕ್ಕಳಿಗೆ ಸ್ಟೂಲು ಹಾಕಿ, ಕೊಳವೆ ಹಿಡಿಯದೆ ಪಕ್ಕದ ಕುರ್ಚಿಯ ಬೆನ್ನು ಹಿಡಿಯಿರೆಂದು ಹೇಳಿ ಹೇಳಿ ಅವರ ಗಂಟಲು ಕಟ್ಟಿತು. ‘ಕಾಣ್ತೇನು?’ ಎಂದು ಕೇಳಿದರೆ ಎಲ್ಲ ಮಕ್ಕಳೂ ‘ಹೂಂ’ ಅನ್ನುತ್ತವೆ. ‘ಗುರು ಬಾಜೂಕ ಎಷ್ಟು ಚಿಕ್ಕಿ ಅದಾವು, ಯಾವ ಕಡೆ ಎಷ್ಟು?’ ಎಂದು ಕೇಳುವ ಉಪಾಯ ಒಬ್ಬ ಟೀಚರ್‌ ಅಕ್ಕನದು. ಚಿಕ್ಕಿಯಂತೆ ಕಾಣುವುದು ಗುರುವಿನ ಚಂದ್ರಗಳು; ಕಾಣದವರು ಯಾರೆಂದು ಆಗ ಗೊತ್ತಾಗುತ್ತದೆ. 2026ರ ಜನವರಿ 10ಕ್ಕೆ ಗುರು ಸೂರ್ಯನ ಎದುರು ದಿಕ್ಕಿಗೆ ಬಂದು ರಾತ್ರಿಯಿಡೀ ಕಾಣುತ್ತಿದ್ದರಿಂದ ಆ ತಿಂಗಳು ಪೂರ್ತಿ ಈ ಪ್ರಶ್ನೆ ಓಡಿತು.

ಶನಿ ಮಾತ್ರ ಮಕ್ಕಳಿಗೆ ನಿರಾಸೆ ಮಾಡಿತು. 2025ರ ಮಾರ್ಚ್‌ನಲ್ಲಿ ಭೂಮಿ ಅದರ ಉಂಗುರಗಳ ಸಮತಲ ದಾಟಿ, ಉಂಗುರದ ಬರೀ ಅಂಚು ನಮ್ಮ ಕಡೆಗಿತ್ತು. ನವೆಂಬರ್ ಕೊನೆಗೆ ಉಂಗುರದ ಓರೆ ಮತ್ತೆ ಅರ್ಧ ಡಿಗ್ರಿಗಿಂತ ಕಡಿಮೆಯಾಗಿ, ಮಣಿಗೆ ಚುಚ್ಚಿದ ಸೂಜಿಯಂತಿತ್ತು. ‘ಸರ್, ಉಂಗುರ ಎಲ್ಲೈತ್ರಿ?’ ಎಂಬ ಪ್ರಶ್ನೆಗೆ ಟಾರ್ಚು ಮತ್ತು ಬಳೆ ಹಿಡಿದು ಉತ್ತರ ತೋರಿಸಿದ ಹೈಸ್ಕೂಲ್ ಹುಡುಗಿಯರೇ, ನೀವು ನಮ್ಮ ಹತ್ತು ಚಿತ್ರಗಳ ಕೆಲಸ ಉಳಿಸಿದಿರಿ.

ಬೀದಿದೀಪ ಆರಿಸಿದ ಗ್ರಾಮ ಪಂಚಾಯಿತಿಗಳಿಗೂ ಲೈನ್‌ಮನ್‌ಗಳಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20–30 ನಿಮಿಷ ಬೇಕು, ಕೆಡಲು ಒಂದು ಮೊಬೈಲ್ ಫ್ಲ್ಯಾಶ್ ಸಾಕು. ಹೊಸ ಎಲ್‌ಇಡಿ ದೀಪಗಳ ನೀಲಿ ಬೆಳಕಂತೂ ಇನ್ನೂ ಕಠಿಣ. ನಮಗೆ ಫಲ ಕೊಟ್ಟ ದಾರಿ ಇಷ್ಟು: ವಾರ ಮೊದಲೇ ಕಾಗದ ಕೊಡುವುದು, ಯಾವ ಸಾಲಿನ ದೀಪ, ಎಷ್ಟರಿಂದ ಎಷ್ಟರ ತನಕ ಎಂದು ಅದರಲ್ಲೇ ಬರೆಯುವುದು, ಪೊಲೀಸ್ ಠಾಣೆಗೂ ಒಂದು ಪ್ರತಿ ಮುಟ್ಟಿಸುವುದು. ಒಪ್ಪದ ಕಡೆ ಜಗಳವಿಲ್ಲ, ಶಾಲೆಯ ಗೋಡೆಯ ನೆರಳಿನಲ್ಲಿ ನಿಲ್ಲುವುದು. ಕಂಬ ಹತ್ತಿ ಗೋಣಿಚೀಲ ಕಟ್ಟುವ ಶೂರರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ದಯವಿಟ್ಟು ತಡೆಯಿರಿ.

2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣದ ರಾತ್ರಿ, ಚಂದ್ರ ನೆರಳಿನೊಳಗೆ ಪೂರ್ತಿ ಇದ್ದ 11ರಿಂದ 12.22ರ ಹೊತ್ತಿನಲ್ಲಿ, ಎಲ್ಲರ ಕೈಗೂ ಗಿರಮಿಟ್ಟು (ಮಂಡಕ್ಕಿಯ ತಿನಿಸು) ಕೊಟ್ಟವರ ಧೈರ್ಯಕ್ಕೆ ಸಲಾಮು. ಗ್ರಹಣದಲ್ಲಿ ಉಂಡರೆ ಏನೂ ಆಗುವುದಿಲ್ಲ ಎಂದು ನಾವು ಭಾಷಣ ಮಾಡುವುದಕ್ಕಿಂತ ಒಗ್ಗರಣೆಯ ವಾಸನೆ ಚಲೋ ಕೆಲಸ ಮಾಡಿತು. ಮಾರ್ಚ್ 3ರ ಹೋಳಿ ಹುಣ್ಣಿಮೆಯ ಗ್ರಹಣ ನಮ್ಮಲ್ಲಿ ಬಾಲ ಮಾತ್ರ: ಚಂದ್ರ ಮೂಡುವಾಗಲೇ ಗ್ರಹಣ ಹಿಡಿದಿತ್ತು, 6.47ಕ್ಕೆ ಬಿಟ್ಟಿತು. ದಿಗಂತದ ಮಸುಕಿನಲ್ಲಿ ಹುಡುಕಲು ಬೈನಾಕ್ಯುಲರ್ ಬೇಕು, ಪೂರ್ವ ಪೂರ್ತಿ ತೆರೆದಿರಬೇಕು. ನೃಪತುಂಗ ಬೆಟ್ಟದ ಮೇಲೆ ಜಾಗ ಬಿಟ್ಟುಕೊಟ್ಟ ವಾಯುವಿಹಾರಿಗಳಿಗೂ, ಆ ಕಾಲು ತಾಸು ಹೋಳಿಯ ಹಲಗಿ ಬಾರಿಸುವುದು ನಿಲ್ಲಿಸಿ ನಮ್ಮ ಜೊತೆ ನೋಡಿದ ಓಣಿಯ ಹುಡುಗರಿಗೂ ವಂದನೆ.

ಹಿರಿಯ ರೈತರಿಗೆ ಬೇರೆಯದೇ ಋಣ. ರೋಹಿಣಿ ಮಳೆ, ಮಿರಗದ ಮಳೆ ಅವರಿಗೆ ಬಾಯಿಪಾಠ. ‘ರೋಹಿಣಿ ಮಳೆಗೆ ಓಣಿಯೆಲ್ಲ ಕೆಸರು’ ಎಂಬ ಗಾದೆ ಕೇಳದವರಿಲ್ಲ. ಆದರೆ ಆ ಮಳೆ ಸುರಿಯುವಾಗ ರೋಹಿಣಿ ಚಿಕ್ಕಿ ಕಾಣುವುದೇ ಇಲ್ಲ, ಸೂರ್ಯ ಅದರ ಹತ್ತಿರವೇ ಇರುತ್ತಾನೆ. ಅದೇ ಚಿಕ್ಕಿ ಡಿಸೆಂಬರ್ ಆರಂಭದಲ್ಲಿ ಹೊತ್ತು ಮುಳುಗುವಾಗ ಮೂಡುತ್ತದೆ. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯ ಕ್ರಮದಲ್ಲೇ ಚಳಿಗಾಲದ ಆಕಾಶ ತೋರಿಸಿದರೆ ಹಳ್ಳಿಯಲ್ಲಿ ಬೇರೆ ನಕ್ಷೆಯೇ ಬೇಡ. ಈ ದಾರಿ ಹಿಡಿಸಿದವರು ಅವರೇ.

ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕೋಲಿಗೆ ನೆರಳೇ ಬೀಳದ ಶೂನ್ಯ ನೆರಳಿನ ದಿನಕ್ಕೆ ಹಾವೇರಿ ಮತ್ತು ಧಾರವಾಡದ ಶಿಕ್ಷಕರು ರಜೆಯಲ್ಲೂ ಬಂದರು. ಹಾವೇರಿಗೆ ಅದು ಏಪ್ರಿಲ್ 30ರ ಸುಮಾರು, ಹುಬ್ಬಳ್ಳಿ–ಧಾರವಾಡಕ್ಕೆ ಮೇ 2ರ ಸುಮಾರು, ಮಧ್ಯಾಹ್ನ 12.27ರ ಆಸುಪಾಸು. ನಡುವಿನ ಮೇ 1 ಇನ್ನೂ ಸ್ವಾರಸ್ಯದ್ದು: ಒಂದು ಮೀಟರ್ ಕೋಲಿನ ನೆರಳು ಹಾವೇರಿಯಲ್ಲಿ ದಕ್ಷಿಣಕ್ಕೆ, ಧಾರವಾಡದಲ್ಲಿ ಉತ್ತರಕ್ಕೆ, ಎರಡೂ ಕೂಡಿ 12 ಮಿಲಿಮೀಟರಿನಷ್ಟು. ಎರಡೂರ ಅಕ್ಷಾಂಶದ ಅಂತರ ಇಷ್ಟರಿಂದಲೇ ಸಿಗುತ್ತದೆ, ಎರಡೂರ ನಡುವಿನ ದಕ್ಷಿಣೋತ್ತರ ದೂರವೂ ಗೊತ್ತಿದ್ದರೆ ಅದರಿಂದ ಭೂಮಿಯ ಸುತ್ತಳತೆ. ಆದರೆ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಶೇ 8–9ರಷ್ಟು ತಪ್ಪುತ್ತದೆ, ಕೋಲು ಒಂದು ಡಿಗ್ರಿ ವಾಲಿದರೆ 17 ಮಿಲಿಮೀಟರ್ ಸುಳ್ಳು ನೆರಳು ಬೀಳುತ್ತದೆ. ತೂಕದ ಗುಂಡು ಇಳಿಬಿಟ್ಟು ಕೋಲು ನೆಟ್ಟಗೆ ನಿಲ್ಲಿಸಿದ ಗೌಂಡಿಗಳು ಇಲ್ಲದಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಗದಗ ಕಡೆಯ ಗೆಳೆಯರು ದಕ್ಷಿಣದ ಆಕಾಶ ಕೊಟ್ಟರು. ಕಪ್ಪತಗುಡ್ಡ ವನ್ಯಜೀವಿಧಾಮ, ರಾತ್ರಿ ಒಳಗೆ ಹೋಗುವ ಮಾತೇ ಇಲ್ಲ. ಅದರ ಆಚೆಗೆ, ದಕ್ಷಿಣಕ್ಕೆ ಗುಡ್ಡ ಅಡ್ಡ ಬರದ ಶಾಲೆಯ ಬಯಲು ಹುಡುಕಿದವರು ಅವರು. ಎರಿ ನೆಲ ಹಸಿಯಾಗಿದ್ದರೆ ದೂರದರ್ಶಕದ ಕಾಲು ಮೆಲ್ಲಗೆ ಹೂತು ಗುರಿ ಜಾರುತ್ತದೆ, ಅದಕ್ಕೆ ಕೆಳಗಿಡಲು ಫರಸಿ ಕಲ್ಲನ್ನೂ ಹೊತ್ತು ತಂದಿದ್ದರು. ನಮ್ಮ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ಬರೀ 15 ಡಿಗ್ರಿ ಎತ್ತರ, ಚಾಚಿದ ಕೈಯ ಒಂದೂವರೆ ಮುಷ್ಟಿ. ಆದರೆ ಉತ್ತರ ಭಾರತದವರಿಗೆ ಸರಿಯಾಗಿ ಸಿಗದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ 27 ಡಿಗ್ರಿಗೆ ಏರುತ್ತದೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹನ್ನೊಂದೂವರೆಗೆ, ಆ ಕತ್ತಲಲ್ಲಿ, ಬರಿಗಣ್ಣಿಗೇ ಮಸುಕಾದ ಬೆಳಕಿನ ಉಂಡೆ. 6 ಇಂಚಿನಲ್ಲಿ ಅಂಚುಗಳು ಚಿಕ್ಕಿಚಿಕ್ಕಿಯಾಗಿ ಬಿಡಿಸಿಕೊಳ್ಳುತ್ತವೆ. ಹತ್ತಿರದ ದಂಬಳದ ದೊಡ್ಡಬಸಪ್ಪನ ಗುಡಿಯ ತಳವೂ 24 ಮೂಲೆಯ ನಕ್ಷತ್ರದಾಕಾರ. ಹಗಲು ಅದನ್ನು ನೋಡಿ, ರಾತ್ರಿ ಬಯಲಿಗೆ ಬನ್ನಿ.

ಕೊನೆಯದಾಗಿ, ಈ ನಾಲ್ಕು ತಿಂಗಳು ಕನ್ನಡಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ ಎರಡು ಕುಟುಂಬಗಳಿಗೆ. ಕನ್ನಡಿ ತೊಳೆದು ಒಣಗಿಸಿಯೇ ಕೊಟ್ಟಿದ್ದೇವೆ: ಹರಿಯುವ ನೀರು, ಒಂದೆರಡು ಹನಿ ಮೃದು ಸೋಪು, ಒತ್ತದೆ ಎಳೆದ ಹತ್ತಿ, ಕೊನೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರು. ನೀವು ಒರೆಸುವುದು ಬೇಡ. ಪೆಟ್ಟಿಗೆಯನ್ನು ನೆಲಕ್ಕೂ ಹೊರಗೋಡೆಗೂ ತಾಗಿಸಬೇಡಿ. ಹದಿನೈದು ದಿನಕ್ಕೊಮ್ಮೆ ಸಿಲಿಕಾ ಜೆಲ್ ನೋಡಿ. ನೀಲಿ ಹರಳು ಗುಲಾಬಿಯಾಗಿದ್ದರೆ ತೇವ ಹೀರಿದೆ ಎಂದರ್ಥ. ಹಳೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವ ತನಕ ಕಾಸಿ, ಆರಿದ ಮೇಲೆ ಒಳಗಿಡಿ. ರೊಟ್ಟಿ ಬೇಯಿಸುವ ಹಂಚು ಮಾತ್ರ ಬೇಡ, ಆ ಬಣ್ಣ ಹೊಟ್ಟೆಗೆ ಹೋಗಬಾರದು. ದಸರೆಯ ಹೊತ್ತಿಗೆ ಬಂದು ಒಯ್ಯುತ್ತೇವೆ.