ಅಷ್ಟು ಜನಾನ ಎಲ್ಲಿ ಹೂತ್ರು ಅಂತ ಕೇಳಿದ್ರಲ್ಲ ಅಪ್ಪಾಜಿ

ಬ್ರಸೆಲ್ಸ್
ಭಾನುವಾರ ರಾತ್ರಿ

ಅಪ್ಪಾಜಿ, ಅವ್ವ,

ನಾನಿಲ್ಲಿ ಚೆನ್ನಾಗಿದೀನಿ, ಊಟ ತಿಂಡಿ ಸರಿಯಾಗಿ ನಡೀತಿದೆ, ಅವ್ವ ಕಟ್ಟಿ ಕಳಿಸಿದ ಹುರುಳಿಕಾಳು ಇನ್ನೂ ಅರ್ಧ ಡಬ್ಬ ಇದೆ, ಹಂಗಾಗಿ ಆ ಯೋಚನೆ ಬಿಡಿ. ಇಷ್ಟುದ್ದ ಯಾಕೆ ಬರೀತಿದೀನಿ ಅಂದ್ರೆ ಹೋದ ವಾರ ವಿಡಿಯೋ ಕಾಲಲ್ಲಿ ನೆಪೋಲಿಯನ್ ಕೊನೇದಾಗಿ ಸೋತ ವಾಟರ್ಲೂ ಯುದ್ಧದ ಜಾಗ ನೋಡ್ಕೊಂಡು ಬಂದೆ ಅಂತ ಹೇಳ್ತಿದ್ದಾಗ ಅಪ್ಪಾಜಿ ನೀವು ಎಲ್ಲಾನೂ ಸುಮ್ನೆ ಕೇಳಿಸ್ಕೊಂಡು ಕೊನೇಲಿ ಒಂದೇ ಒಂದು ಮಾತು ಕೇಳಿದ್ರಿ, "ಅಷ್ಟು ಜನ ಸತ್ರು ಅಂತೀಯಲ್ಲ ಮಗ, ಅವರನ್ನೆಲ್ಲ ಎಲ್ಲಿ ಹೂತ್ರು?" ನನ್ ಹತ್ರ ಉತ್ತರ ಇರ್ಲಿಲ್ಲ. ಇಡೀ ದಿನ ಅಲ್ಲೇ ಓಡಾಡ್ಕೊಂಡು ಬಂದಿದ್ರೂ ನನಗೆ ಆ ಪ್ರಶ್ನೆನೇ ಬಂದಿರ್ಲಿಲ್ಲ. ವಾರ ಪೂರ್ತಿ ತಲೆ ಕೊರೀತು, ಸಿಕ್ಕಿದ್ದೆಲ್ಲಾ ಓದಿದೆ, ನಿನ್ನೆ ಮತ್ತೆ ಒಬ್ಬಳೇ ಹೋಗ್ಬಂದೆ. ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೆ ಟೈಪ್ ಮಾಡಿ ಕಳಿಸ್ತಿದೀನಿ, ಪುಟ್ಟಿ ಕೈಲಿ ಓದಿಸಿಕೊಳ್ಳಿ.

ಇಲ್ಲಿಂದ ಟ್ರೈನಲ್ಲಿ ಬ್ರೆನ್ ಲಾಲ್ಯು ಅನ್ನೋ ಊರಿಗೆ ಅರ್ಧ ಗಂಟೆ ಕೂಡ ಆಗಲ್ಲ, ಅಲ್ಲಿಂದ ನಡ್ಕೊಂಡೇ ಹೋಗಬಹುದು. ಯುದ್ಧ ನಡೆದಿದ್ದು ವಾಟರ್ಲೂ ಊರಲ್ಲೇ ಅಲ್ಲ, ಅದರ ದಕ್ಷಿಣಕ್ಕಿರೋ ಈ ಹೊಲಗಳಲ್ಲಿ. ಇಂಗ್ಲಿಷರ ಕಡೆ ಸೇನಾಪತಿ ವೆಲ್ಲಿಂಗ್ಟನ್ ಉಳ್ಕೊಂಡಿದ್ದು ವಾಟರ್ಲೂ ಊರಿನ ಒಂದು ಛತ್ರದಂಥ ಮನೇಲಿ, ಗೆದ್ದ ವರದಿ ಬರೆದು ಕಳಿಸಿದ್ದೂ ಆ ಊರಿಂದ, ಆ ಹೆಸರೇ ನಿಂತುಬಿಡ್ತು. ಹೊಲ ನೋಡಿದ್ರೆ ನಮ್ಮ ಕಡೆ ಏರು ತಗ್ಗು ಇದ್ದಂಗೇ ಇದೆ, ಬೆಟ್ಟ ಇಲ್ಲ ಗುಡ್ಡ ಇಲ್ಲ, ಸಣ್ಣ ದಿಣ್ಣೆ, ಅದರಾಚೆ ಇನ್ನೊಂದು ದಿಣ್ಣೆ, ನಡುವೆ ತಗ್ಗು. ಈ ದಿಣ್ಣೆ ಮೇಲೆ ಇಂಗ್ಲಿಷರು, ಆ ದಿಣ್ಣೆ ಮೇಲೆ ಫ್ರೆಂಚರು. ನಾಕೈದು ಕಿಲೋಮೀಟರ್ ಅಗಲದ ಜಾಗ ಅಷ್ಟೇ ಅಪ್ಪಾಜಿ, ನಮ್ಮ ಮನೆಯಿಂದ ಸಂತೆಗೆ ಹೋಗೋವಷ್ಟು ದೂರ, ಅಷ್ಟರೊಳಗೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನ ಬಂದು ಸೇರಿದ್ರು.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. ನೆಪೋಲಿಯನ್ 1804ರಲ್ಲಿ ಚಕ್ರವರ್ತಿ ಆದ, ಆಮೇಲೆ ಒಂದೊಂದೇ ರಾಜ್ಯ ನುಂಗ್ತಾ ಹೋಗಿ ಸ್ಪೇನ್ ಇಂದ ಪೋಲೆಂಡ್ ವರೆಗೂ ಕೈ ಚಾಚಿದ, 1812ರಲ್ಲಿ ಆರು ಲಕ್ಷದಷ್ಟು ಜನರನ್ನ ಕಟ್ಕೊಂಡು ರಷ್ಯಾಕ್ಕೆ ಹೋಗಿ ಬಹುಪಾಲು ಸೈನ್ಯ ಕಳ್ಕೊಂಡ, 1813ರಲ್ಲಿ ಲೈಪ್‌ಜಿಗ್‌ನಲ್ಲಿ ಸೋತ, ಮುಂದಿನ ವರ್ಷ ಅವನನ್ನ ಎಲ್ಬಾ ದ್ವೀಪಕ್ಕೆ ಕಳಿಸಿದ್ರು. ಅಲ್ಲಿಂದ ತಪ್ಪಿಸ್ಕೊಂಡು 1815ರ ಮಾರ್ಚ್ 20ಕ್ಕೆ ಪ್ಯಾರಿಸ್‌ಗೆ ವಾಪಸ್ ಬಂದೇಬಿಟ್ಟ. ಬ್ರಿಟನ್, ಪ್ರಷ್ಯಾ (ಆಗಿನ ಒಂದು ಜರ್ಮನ್ ರಾಜ್ಯ), ಆಸ್ಟ್ರಿಯಾ, ರಷ್ಯಾ ನಾಲ್ಕೂ ಸೇರಿ ಒಬ್ಬೊಬ್ಬರು ಒಂದೂವರೆ ಲಕ್ಷ ಸೈನ್ಯ ಇಳಿಸ್ತೀವಿ ಅಂತ ಒಪ್ಪಂದ ಮಾಡ್ಕೊಂಡ್ರು. ಎಲ್ಲಾರೂ ಒಟ್ಟಾಗೋ ಮುಂಚೆನೇ ಹತ್ತಿರ ಇರೋ ಇಬ್ಬರನ್ನ ಹೊಡೆದುಬಿಡೋಣ ಅಂತ ಅವನು ಜೂನ್ 15ಕ್ಕೆ ಬೆಲ್ಜಿಯಂ ಒಳಗೆ ನುಗ್ಗಿದ. 16ನೇ ತಾರೀಕು ಲಿನ್ಯಿ ಅನ್ನೋ ಕಡೆ ಪ್ರಷ್ಯನ್ನರನ್ನ ಸೋಲಿಸಿದ, ಅವರ ಸೇನಾಪತಿ ಬ್ಲೂಷರ್‌ಗೆ ಆಗ 72 ವರ್ಷ, ಕುದುರೆ ಸತ್ತು ಅವನ ಮೇಲೇ ಬಿತ್ತು, ಆದ್ರೂ ಎದ್ದು ಎರಡು ದಿನಕ್ಕೆ ಮತ್ತೆ ಯುದ್ಧಕ್ಕೆ ಬಂದ.

17ರ ಮಧ್ಯಾಹ್ನದಿಂದ ಹಿಡ್ಕೊಂಡ ಮಳೆ ರಾತ್ರಿಯೆಲ್ಲಾ ಹೊಯ್ತು. ಇದು ನಿಮಗೆ ಅರ್ಥ ಆಗೋ ಅಷ್ಟು ಇಲ್ಲಿ ಪುಸ್ತಕ ಬರೆಯೋರಿಗೂ ಆಗಲ್ಲ ಅನ್ಸುತ್ತೆ, ನೆಂದ ಜೇಡಿ ಹೊಲದಲ್ಲಿ ಬಂಡಿ ಹೊಡೆಯೋದು ಏನು ಅಂತ. ಫಿರಂಗಿ ಗಾಲಿ ಅಚ್ಚಿನ ತನಕ ಹೂತ್ಕೊಳ್ತು, ಗುಂಡು ಒಣ ನೆಲ ಆಗಿದ್ರೆ ಪುಟಿದು ಪುಟಿದು ಸಾಲುಗಟ್ಟಲೆ ಜನರನ್ನ ಕೆಡವುತ್ತೆ, ಕೆಸರಲ್ಲಿ ಬಿದ್ದಲ್ಲೇ ಕೂತ್ಕೊಳ್ಳುತ್ತೆ. ಅದಕ್ಕೇ ನೆಪೋಲಿಯನ್ ನೆಲ ಸ್ವಲ್ಪ ಆರಲಿ ಅಂತ ಕಾದ, 18ರ ಭಾನುವಾರ ಶುರು ಮಾಡೋ ಹೊತ್ತಿಗೆ ಬೆಳಗ್ಗೆ ಹನ್ನೊಂದೂವರೆ ಸುಮಾರು. ಆ ಕಾಯೋ ಹೊತ್ತಲ್ಲಿ ಪ್ರಷ್ಯನ್ನರು ಅದೇ ಕೆಸರಲ್ಲಿ ಫಿರಂಗಿ ಎಳ್ಕೊಂಡು ವಾವ್ರ್ ಕಡೆಯಿಂದ ಹತ್ತಿರ ಬರ್ತಾ ಇದ್ರು. ಹೊಲದಲ್ಲಿ ಆಗ ರೈ ಅನ್ನೋ ಪೈರು, ಗೋಧಿ ಜಾತಿದು, ಆಗಿನ ತಳಿ ಆಳೆತ್ತರ ಬೆಳೀತಿತ್ತು, ಎದುರಾಳಿ ಹತ್ತಿರ ಬರೋ ತನಕ ಕಾಣದಷ್ಟು. ಸಂಜೆ ಹೊತ್ತಿಗೆ ಒಂದು ತೆನೆ ನಿಂತಿರ್ಲಿಲ್ಲ. ಯಾವ ರೈತಂದೋ ಪಾಪ. ಅಲ್ಲೇ ಸುತ್ತಮುತ್ತಲ ಡಿಕೋಸ್ಟರ್ ಅನ್ನೋ ಒಬ್ಬನನ್ನ ನೆಪೋಲಿಯನ್ ಕಡೆಯೋರು ದಾರಿ ತೋರ್ಸು ಅಂತ ಹಿಡ್ಕೊಂಡು ಇಡೀ ದಿನ ಜೊತೇಲೇ ಇಟ್ಕೊಂಡಿದ್ರು.

ಊಗುಮಾಂ ಅಂತ ಒಂದು ತೋಟದ ಮನೆ ಇದೆ, ದೊಡ್ಡ ಗೋಡೆ, ಮರದ ಬಾಗಿಲು, ಅಂಗಳ. ಅದಕ್ಕೋಸ್ಕರ ದಿನ ಪೂರ್ತಿ ಹೊಡೆದಾಡಿದ್ರು. ಅಲ್ಲಿ ಆ ದಿನ ನಿಂತಿದ್ದ ಮೂರು ಮರ ಇವತ್ತಿಗೂ ಇವೆ, ಚೆಸ್ಟ್‌ನಟ್ ಮರ, ಗುಂಡು ತಾಗಿದ ಗಾಯ ತೊಗಟೇಲಿ ಕಾಣುತ್ತೆ. ನಾನು ಒಂದರ ಮೇಲೆ ಕೈ ಇಟ್ಟು ಸುಮಾರು ಹೊತ್ತು ನಿಂತಿದ್ದೆ. ಸಂಜೆ ಪ್ರಷ್ಯನ್ನರು ಪ್ಲಾನ್‌ಸೆನ್ವಾ ಅನ್ನೋ ಹಳ್ಳಿ ಮೇಲೆ ಬಿದ್ರು, ನೆಪೋಲಿಯನ್ ಕೊನೆಗೆ ಕಳಿಸಿದ ಖಾಸಾ ಪಡೆನೂ ಹಿಂದಕ್ಕೆ ತಿರುಗ್ತು, ಅಲ್ಲಿಗೆ ಮುಗೀತು. ಇಂಗ್ಲಿಷರು ಗೆದ್ರು ಅಂತ ನಾವು ಸ್ಕೂಲಲ್ಲಿ ಓದಿದ್ದು ಪೂರ್ತಿ ಸರಿ ಅಲ್ಲ, ವೆಲ್ಲಿಂಗ್ಟನ್ ಸೈನ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಜರ್ಮನ್ ರಾಜ್ಯದವರು, ಡಚ್ಚರು, ಈ ಬೆಲ್ಜಿಯಂನವರು, ಪ್ರಷ್ಯನ್ನರು ಬರದೇ ಇದ್ದಿದ್ರೆ ಕಥೆನೇ ಬೇರೆ ಆಗಿರೋದು.

ಆ ವೆಲ್ಲಿಂಗ್ಟನ್ ಯಾರು ಅಂತ ನಿಮಗೆ ಗೊತ್ತು. ನಮ್ಮ ಶ್ರೀರಂಗಪಟ್ಟಣಕ್ಕೆ 1799ರಲ್ಲಿ ಬಂದಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಸುಲ್ತಾನ್‌ಪೇಟೆ ತೋಪಲ್ಲಿ ರಾತ್ರಿ ಹೊತ್ತು ನುಗ್ಗೋಕೆ ಹೋಗಿ ಟಿಪ್ಪು ಕಡೆಯೋರ ರಾಕೆಟ್ಟು ಗುಂಡಿಗೆ ಸಿಕ್ಕಿ ಕತ್ತಲಲ್ಲಿ ವಾಪಸ್ ಓಡಿದ್ನಲ್ಲ ಅವನೇ, ಕೋಟೆ ಬಿದ್ದ ಮೇಲೆ ಪಟ್ಟಣದ ಗವರ್ನರ್ ಆಗಿ ದರಿಯಾ ದೌಲತ್ತಲ್ಲಿ ವಾಸ ಮಾಡ್ದೋನು. (ನಮ್ಮ ವೆಲ್ಲೆಸ್ಲಿ ಸೇತುವೆಗೆ ಹೆಸರಿರೋದು ಇವನದ್ದಲ್ಲ, ಗವರ್ನರ್ ಜನರಲ್ ಆಗಿದ್ದ ಇವನ ಅಣ್ಣಂದು.) ಆ ರಾಕೆಟ್‌ಗಳನ್ನ ಇಂಗ್ಲೆಂಡಿಗೆ ತಗೊಂಡು ಹೋಗಿ ಅದನ್ನ ನೋಡಿ ಕಾಂಗ್ರೀವ್ ಅನ್ನೋನು ಅವರದೇ ರಾಕೆಟ್ ಮಾಡಿದ, ಇಲ್ಲಿ ವಾಟರ್ಲೂನಲ್ಲೂ ಒಂದು ರಾಕೆಟ್ ತುಕಡಿ ಇತ್ತು, ಹಾರಿಸಿದ್ರು ಕೂಡ. ಆ ಕೆಸರು ದಾರೀಲಿ ನಿಂತು ಇದನ್ನ ನೆನೆಸ್ಕೊಂಡಾಗ ಮೈ ಜುಂ ಅಂತು.

ಇನ್ನು ನಿಮ್ಮ ಪ್ರಶ್ನೆ.

ಆ ಒಂದು ದಿನದಲ್ಲಿ ಸತ್ತೋರು ಗಾಯ ಆದೋರು ಸೇರಿ 40 ಸಾವಿರಕ್ಕೂ ಹೆಚ್ಚು. ಅದರಲ್ಲಿ ಹೊಲದಲ್ಲೇ ಸತ್ತೋರು ಹತ್ತು ಸಾವಿರಕ್ಕೂ ಮೇಲೆ, ಕುದುರೆಗಳು ಸಾವಿರಾರು. ಜೂನ್ ತಿಂಗಳು, ಬಿಸಿಲು ಬೇರೆ ಬಂತು, ಸುತ್ತಲ ಹಳ್ಳಿ ರೈತರನ್ನ ಕರೆಸಿ ಗುಂಡಿ ತೋಡಿಸಿ ಒಟ್ಟೊಟ್ಟಿಗೆ ಹಾಕಿದ್ರು, ಕೆಲವರನ್ನ ಸುಟ್ರು. ಹೂಳೋ ಮುಂಚೆನೇ ಬಟ್ಟೆ ಬೂಟು ಬಿಚ್ಕೊಂಡು ಹೋದ್ರು, ಮುಂದಿನ ಹಲ್ಲು ಇಕ್ಕಳ ಹಾಕಿ ಕಿತ್ತು ಸಾಹುಕಾರರ ಕಟ್ಟಿದ ಹಲ್ಲಿಗೆ ಮಾರಿದ್ರು, ಅದಕ್ಕೆ ವಾಟರ್ಲೂ ಹಲ್ಲು ಅಂತನೇ ಹೆಸರು ಬಂತು. ಅವ್ವನಿಗೆ ಇದನ್ನ ಓದಬೇಡ ಪುಟ್ಟಿ.

ಅಷ್ಟಾದ್ರೂ ಗುಂಡಿ ಇರ್ಬೇಕಲ್ವಾ? ಇನ್ನೂರು ವರ್ಷದಲ್ಲಿ ಇಲ್ಲಿ ಅಗೆದೋರಿಗೆ ಪೂರ್ತಿ ಅಸ್ಥಿಪಂಜರ ಸಿಕ್ಕಿದ್ದು ಬೆರಳೆಣಿಕೆಯಷ್ಟು. 2012ರಲ್ಲಿ ಒಂದು ಸಿಕ್ತು, ಪಕ್ಕೆಲುಬಿನ ನಡುವೆ ಗುಂಡು ಇನ್ನೂ ಹಂಗೇ ಇತ್ತು, ಅದನ್ನ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೇಲಿ ಮಲಗಿಸಿದಾರೆ. 2022ರಲ್ಲಿ ಗಾಯಾಳುಗಳನ್ನ ಹಾಕಿದ್ದ ಮಾಂಟ್ ಸೇಂಟ್ ಜೀನ್ ತೋಟದ ಮನೆ ಹತ್ರ ಇನ್ನೊಂದು ಸಿಕ್ತು, ಪಕ್ಕದಲ್ಲಿ ಕತ್ತರಿಸಿ ಎಸೆದ ಕಾಲಿನ ಮೂಳೆಗಳು. ಮಿಕ್ಕೋರು ಎಲ್ಲಿ? ಮೂಳೆ ವ್ಯಾಪಾರ ಆಯ್ತು ಅಪ್ಪಾಜಿ. ಯೂರೋಪಿನ ಯುದ್ಧದ ಬಯಲುಗಳಿಂದ ಮೂಳೆ ತುಂಬ್ಕೊಂಡು ಹಡಗು ಇಂಗ್ಲೆಂಡಿನ ಹಲ್ ಬಂದರಿಗೆ ಹೋಗ್ತಿವೆ, ಅಲ್ಲಿ ಪುಡಿ ಮಾಡಿ ಹೊಲಕ್ಕೆ ಗೊಬ್ಬರ ಹಾಕ್ತಾರೆ ಅಂತ 1822ರಲ್ಲೇ ಲಂಡನ್ ಪತ್ರಿಕೇಲಿ ಬಂದಿತ್ತು. ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ, ಆಮೇಲಿನದು.

ಸಕ್ಕರೆ.

ನೆಪೋಲಿಯನ್ ಬ್ರಿಟನ್ ಜೊತೆ ವ್ಯಾಪಾರ ನಿಲ್ಲಿಸಿದ, ಬ್ರಿಟನ್ ಹಡಗುಗಳು ಸಮುದ್ರ ಕಟ್ಟಿಹಾಕಿದ್ವು, ಕೆರಿಬಿಯನ್ ದ್ವೀಪಗಳಿಂದ ಬರ್ತಿದ್ದ ಕಬ್ಬಿನ ಸಕ್ಕರೆ ನಿಂತೋಯ್ತು. ಅದಕ್ಕೆ 1811ರಲ್ಲಿ ಬಿಳೀ ಬೀಟ್‌ರೂಟ್ ಜಾತಿ ಗೆಡ್ಡೆ ಬೆಳೀರಿ, ಅದರಲ್ಲೇ ಸಕ್ಕರೆ ತೆಗೀರಿ ಅಂತ ಅವನು ಆಜ್ಞೆ ಹೊರಡಿಸಿದ. ಅವನು ಹೋದ ಮೇಲೆ ಸ್ವಲ್ಪ ಕಾಲ ಕುಂಟಿದ್ರೂ ಆ ಬೆಳೆ ಉಳೀತು, 1830ರ ದಶಕದಲ್ಲಿ ಬೆಲ್ಜಿಯಂನಲ್ಲಿ ಫ್ಯಾಕ್ಟರಿ ಮೇಲೆ ಫ್ಯಾಕ್ಟರಿ ಬಂತು, ಈ ಸೀಮೆಗೂ ಬಂತು. ನಮ್ಮ ಆಲೆಮನೇಲಿ ಕೊಪ್ಪರಿಗೆಗೆ ಬೆಂಡೆ ಲೋಳೆ ಹಾಕಿ ಮಡ್ಡಿ ತೆಗೀತೀರಲ್ಲ, ಹಂಗೆ ಇವರು ಪಾಕ ಬೆಳ್ಳಗಾಗೋಕೆ ಮೂಳೆ ಸುಟ್ಟ ಕರೀ ಪುಡೀಲಿ ಸೋಸೋರು. ಮೂಳೆಗೆ ಭಾರೀ ರೇಟು ಬಂತು. ಯಾವ ಗುಂಡಿ ಎಲ್ಲಿದೆ ಅಂತ ಸುತ್ತಲ ಹಳ್ಳಿಯೋರಿಗೆ ಗೊತ್ತಿತ್ತು, ತೋಡಿಸಿದ್ದು ಅವರ ಕೈಲೇ ಅಲ್ವಾ. ಅಗೆದು ಮಾರಿದ್ರು. ಕುದುರೆ ಮೂಳೆ ಜೊತೆ ಮನುಷ್ಯರ ಮೂಳೆನೂ ಹೋಯ್ತು. ಇದನ್ನ ಹಳೇ ಕಾಗದ ಪತ್ರ, ಪತ್ರಿಕೆ ಎಲ್ಲಾ ಹುಡುಕಿ ಬೆಲ್ಜಿಯಂ, ಜರ್ಮನಿ, ಸ್ಕಾಟ್ಲೆಂಡಿನ ಮೂರು ಜನ ಇತಿಹಾಸಕಾರರು 2022ರಲ್ಲಿ ಹೊರಗೆ ತಂದಿದಾರೆ.

ನಿನ್ನೆ ಹೊಲದಲ್ಲಿ ಏನು ಬೆಳೆ ಇತ್ತು ಗೊತ್ತಾ ಅಪ್ಪಾಜಿ? ಅದೇ ಬೀಟು. ದಿಣ್ಣೆಯಿಂದ ದಿಣ್ಣೆವರೆಗೂ ಹಸಿರು ಎಲೆ. ನಾನು ಬದು ಮೇಲೆ ಕೂತ್ಕೊಂಡು ಅತ್ತೆ. ನಾವು ಕಬ್ಬು ಬೆಳೆಯೋ ಮನೆಯೋರು, ನೀವು ತರಗು ತೆಗೆದು ಕೈಯೆಲ್ಲಾ ಕುಯ್ಸಿಕೊಂಡು ಬರೋದು ನೋಡಿ ಬೆಳೆದೋಳು ನಾನು, ಸಕ್ಕರೆಗೆ ಬೆವರು ಹೋಗುತ್ತೆ ಅಂತ ಗೊತ್ತಿತ್ತು, ಇದು ಗೊತ್ತಿರ್ಲಿಲ್ಲ. ಹದಿನೆಂಟು ಇಪ್ಪತ್ತು ವರ್ಷದ ಹುಡುಗರು, ನಮ್ಮ ಪುಟ್ಟಿ ವಯಸ್ಸಿನೋರು.

ಪಕ್ಕದಲ್ಲೇ ಸಿಂಹದ ಗುಡ್ಡ ಇದೆ, 226 ಮೆಟ್ಟಿಲು, ಮೇಲೆ 28 ಟನ್ ಎರಕದ ಸಿಂಹ. ಇಷ್ಟು ದೊಡ್ಡ ಗುಡ್ಡ ಯಾಕೆ ಅಂದ್ರೆ ಡಚ್ ರಾಜನ ಮಗನಿಗೆ ಅಲ್ಲಿ ಭುಜಕ್ಕೆ ಗುಂಡು ತಾಗಿತ್ತು, ಬದುಕಿದ ಕೂಡ. ಇದೇ ಹೊಲದ ಮಣ್ಣು ಕೆರೆದು ಪೇರಿಸಿದ್ದು, ಲಿಯೇಜ್ ಕಡೆಯ ಕೂಲಿ ಹೆಂಗಸರು ಬೆನ್ನಿನ ಬುಟ್ಟೀಲಿ ಹೊತ್ತರಂತೆ. ನಾನು ಈ ಸಲ ಹತ್ತಲಿಲ್ಲ.

ನಮ್ಮ ಪಟ್ಟಣದ ಹೊಳೆ ದಂಡೇಲಿ ಬಿಳಿಯರ ಸಮಾಧಿ ತೋಟ ಇದೆಯಲ್ಲ, ಸ್ವಿಟ್ಜರ್ಲೆಂಡ್ ಕಡೆಯ ರೆಜಿಮೆಂಟ್‌ನೋರಿಗೂ ಹೆಸರು ಕೆತ್ತಿದ ಕಲ್ಲಿದೆ ಅಲ್ಲಿ. ಕೋಟೆ ಒಡೆದ ದಿನ ಸತ್ತ ನಮ್ಮೋರು ಸಾವಿರಾರು ಜನ, ಅವರ ಹೆಸರಿರೋ ಒಂದು ಕಲ್ಲು ನಾನಂತೂ ನೋಡಿಲ್ಲ. ನೀವು ನೋಡಿದ್ರೆ ಹೇಳಿ.

ಇನ್ನೊಂದು ವಿಷಯ, ಮರೆತುಬಿಡಬೇಡಿ. ತಾತ ಉಳುವಾಗ ಹೊಳೆ ಕಡೆ ಗದ್ದೇಲಿ ಸಿಕ್ಕಿದ್ದ ಕಬ್ಬಿಣದ ಗುಂಡು ಇತ್ತಲ್ಲ, ಹಿತ್ತಲ ಬಾಗಿಲು ಗಾಳಿಗೆ ಬಡ್ಕೋಬಾರ್ದು ಅಂತ ಅಜ್ಜಿ ಅಡ್ಡ ಇಡ್ತಿದ್ಲಲ್ಲ, ಅದು ಇನ್ನೂ ಕೊಟ್ಟಿಗೇಲೇ ಇರ್ಬೇಕು. ಗುಜರಿಯೋರು ಬಂದ್ರೆ ಕೊಡಬೇಡಿ. ತೊಳೆದು ಒಳಗೆ ತಂದಿಡಿ, ಯುಗಾದಿಗೆ ಬಂದಾಗ ನೋಡ್ತೀನಿ.

ಅವ್ವನಿಗೆ ಮಂಡಿ ನೋವಿನ ಮಾತ್ರೆ ಬಿಡದಂಗೆ ತಗೊಳ್ಳೋಕೆ ಹೇಳಿ. ಯಾರಾದ್ರೂ ಈ ಕಡೆ ಬರೋರಿದ್ರೆ ನಮ್ಮ ಆಲೆಮನೆ ಅಚ್ಚು ಬೆಲ್ಲ ಎರಡು ಕೆಜಿ ಕಳಿಸಿ, ಕಾಫಿಗೆ ಅದನ್ನೇ ಹಾಕ್ಕೋತೀನಿ.

ನಿಮ್ಮ ಮಗಳು