ಪೆಟ್ಟಿಗೆಯ ಮೇಲಿನ ಪೌಂಡು ನೋಡಿ ವಿಂಚ್ ಕೊಳ್ಳಬೇಡಿ

ಮಾನ್ಯ ಸಂಪಾದಕರಿಗೆ,

ಮುಂಗಾರು ಹತ್ತಿರವಾಗುತ್ತಿದ್ದಂತೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ವರ್ಕ್‌ಶಾಪ್‌ಗಳಲ್ಲಿ ಹಳೆಯ ಜೀಪು, ಥಾರ್, ಜಿಮ್ನಿ, ಗೂರ್ಖಾಗಳಿಗೆ ವಿದ್ಯುತ್ ವಿಂಚ್, ಅಂದರೆ ಮೋಟಾರಿನಿಂದ ತಿರುಗುವ ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿ ಎಳೆಯುವ ಸಾಧನ, ಕೂರಿಸುವ ಕೆಲಸ ಜೋರಾಗುತ್ತದೆ. ತೋಟದ ಕೆಸರು ದಾರಿಯಲ್ಲಿ ಹೂತ ಗಾಡಿಯನ್ನು ಮೇಲೆತ್ತಿಕೊಳ್ಳಲು ನಿಜವಾಗಿಯೂ ಅಗತ್ಯವಿರುವವರೂ, ವಾರಾಂತ್ಯದ ಆಫ್‌ರೋಡ್ ಹವ್ಯಾಸಕ್ಕೆಂದು ಹಾಕಿಸುವವರೂ ಅಂಗಡಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಪೌಂಡಿನದು?’ ಆ ಪ್ರಶ್ನೆಗೆ ಸಿಗುವ ಉತ್ತರ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಕೊಳ್ಳುವವರಿಗೆ ಹೇಳುವವರಿಲ್ಲದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಮೇಲೆ 9,500 ಪೌಂಡ್, ಅಂದರೆ ಸುಮಾರು 4,300 ಕಿಲೋ ಎಂದು ಅಚ್ಚಾಗಿದ್ದರೆ, ಅದು ಹಗ್ಗ ಡ್ರಮ್ಮಿನ ಮೇಲೆ ಒಂದೇ ಪದರ ಉಳಿದಿರುವಾಗ ಮಾತ್ರ ಸಿಗುವ ಎಳೆತ. ಡ್ರಮ್ಮನ್ನು ತಿರುಗಿಸುವ ಮೋಟಾರಿನ ಬಲ ಅಷ್ಟೇ ಇರುತ್ತದೆ. ಹಗ್ಗ ಪದರದ ಮೇಲೆ ಪದರವಾಗಿ ಸುತ್ತಿಕೊಂಡಂತೆ ಡ್ರಮ್ಮು ದಪ್ಪವಾಗುತ್ತದೆ, ದಪ್ಪವಾದಷ್ಟೂ ಎಳೆತ ಕುಗ್ಗುತ್ತದೆ. 64 ಮಿಲಿಮೀಟರ್ ವ್ಯಾಸದ ಡ್ರಮ್ಮಿಗೆ 9 ಮಿಲಿಮೀಟರ್ ಹಗ್ಗ ಸುತ್ತಿದ್ದರೆ ಮೊದಲ ಪದರದಲ್ಲಿ ಕೇಂದ್ರದಿಂದ ಹಗ್ಗದ ನಡುವಿಗೆ ಇರುವ ದೂರ ಸುಮಾರು 36 ಮಿಲಿಮೀಟರ್, ನಾಲ್ಕನೇ ಪದರದಲ್ಲಿ 60ಕ್ಕೂ ಮೇಲೆ. ಲೆಕ್ಕ ಹಾಕಿದರೆ 4,300 ಕಿಲೋ ಎಂದ ವಿಂಚು ಅಲ್ಲಿ ಎರಡೂವರೆ ಟನ್ನಿನ ಆಸುಪಾಸಿಗೆ ಇಳಿದಿರುತ್ತದೆ. ಮರ ಹತ್ತಿರದಲ್ಲೇ ಇದ್ದು, ಆರೇಳು ಮೀಟರ್ ಹಗ್ಗವನ್ನಷ್ಟೇ ಬಿಚ್ಚಿ ಎಳೆಯುವಾಗ ನಾವು ಬಳಸುವುದು ಈ ದುರ್ಬಲ ಪದರವನ್ನೇ. ಪದರವಾರು ಎಳೆತದ ಪಟ್ಟಿಯನ್ನು ಒಳ್ಳೆಯ ತಯಾರಕರು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಕೊಳ್ಳುವ ಮುನ್ನ ಅದನ್ನು ತೋರಿಸಿ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ತೋರಿಸಲಾಗದ ಸರಕನ್ನು ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬರಬೇಕು.

ಹೊರೆಸಹಿತ ಗರಿಷ್ಠ ತೂಕದ ಒಂದೂವರೆ ಪಟ್ಟು ಎಂಬುದು ವಿಂಚ್ ಆಯ್ಕೆಯ ರೂಢಿಯ ಸೂತ್ರ. ಜಿಮ್ನಿಯ ಅಂತಹ ತೂಕ 1,545 ಕಿಲೋ ಆಗಿರುವುದರಿಂದ ಅದಕ್ಕೆ 2,300 ಕಿಲೋ (ಸುಮಾರು 5,100 ಪೌಂಡ್) ಮೇಲ್ಪಟ್ಟ, 6,000 ಪೌಂಡಿನ ಆಸುಪಾಸಿನ ವಿಂಚು ಸಾಕು. ಎರಡೂಕಾಲು ಟನ್ ತೂಗುವ ವಾಹನಕ್ಕೆ 8,000ದಿಂದ 9,500 ಪೌಂಡಿನದು ಬೇಕು. 12,000 ಪೌಂಡಿನದನ್ನೇ ಹಾಕಿಸಿದರೆ ನಿಶ್ಚಿಂತೆ ಎನ್ನುವವರಿದ್ದಾರೆ. ಅದು ಹಗುರ ವಾಹನದ ಮೂತಿಗೆ ಅನಗತ್ಯ ಭಾರ ಹೇರುತ್ತದೆ, ಮುಂದಿನ ಸ್ಪ್ರಿಂಗ್ ಕುಗ್ಗಿಸುತ್ತದೆ. ಇನ್ನೊಂದು ಕಡೆ, ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಬಿಡಿಸಲು ಅದರ ತೂಕದಷ್ಟೇ ಎಳೆತ ಬೇಕಾಗಬಹುದು, ಚಕ್ರದ ಮೇಲಿನ ಫೆಂಡರಿನವರೆಗೆ ಹೂತಿದ್ದರೆ ಅದರ ಎರಡರಷ್ಟು. ಏರು ದಾರಿಯಾದರೆ ಅದೂ ಸೇರುತ್ತದೆ. ಆ ಕೊರತೆಯನ್ನು ತುಂಬಬೇಕಾದದ್ದು ದೊಡ್ಡ ವಿಂಚಿನಿಂದಲ್ಲ, ಸ್ನ್ಯಾಚ್ ಬ್ಲಾಕ್ ಎಂಬ ರಾಟೆಯಿಂದ. ಹಗ್ಗವನ್ನು ಮರಕ್ಕೆ ಕಟ್ಟಿದ ರಾಟೆಯ ಮೂಲಕ ತಂದು ವಾಹನದ್ದೇ ಗಟ್ಟಿ ಕೊಕ್ಕೆಗೆ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ, ಹೆಚ್ಚು ಹಗ್ಗ ಹೊರಬರುವುದರಿಂದ ಬಲವಾದ ಒಳಪದರವೂ ಬಳಕೆಗೆ ಬರುತ್ತದೆ. ಆದರೆ ಮರಕ್ಕೂ ಅದರ ಪಟ್ಟಿಗೂ ಆಗ ಹಗ್ಗದ ಎರಡು ಪಟ್ಟು ಭಾರ ಬೀಳುತ್ತದೆ ಎಂಬುದು ನೆನಪಿರಬೇಕು.

ಬ್ಯಾಟರಿಯ ಮಾತಂತೂ ಯಾರೂ ಎತ್ತುವುದಿಲ್ಲ. ಪೂರ್ಣ ಭಾರದಲ್ಲಿ ಎಳೆಯುವ 12 ವೋಲ್ಟ್ ವಿಂಚು 400 ಆಂಪಿಯರಿನಷ್ಟು ವಿದ್ಯುತ್ ಹೀರುತ್ತದೆ. ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೊಡುವುದು ಅದರ ಒಂದು ಸಣ್ಣ ಭಾಗ ಮಾತ್ರ. ಉಳಿದದ್ದೆಲ್ಲ ಬ್ಯಾಟರಿಯಿಂದ ಬರಬೇಕು, ಅದು ಬಳಲಿದ್ದರೆ ವೋಲ್ಟೇಜ್ ಬೀಳುತ್ತದೆ. ಆಗ ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ಸೊಲೆನಾಯ್ಡ್ ಗಡಗಡ ಬಡಿದುಕೊಂಡು ಅದರ ತಾಮ್ರದ ಕಾಂಟ್ಯಾಕ್ಟುಗಳು ಕಾದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಮ್ಮೆ ಅಂಟಿದರೆ ರಿಮೋಟಿನ ಗುಂಡಿ ಬಿಟ್ಟರೂ ವಿಂಚು ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಅಂತಹ ಹೊತ್ತಿಗೆ ಕೈಗೆಟಕುವಲ್ಲಿ ಬ್ಯಾಟರಿಯ ಸಂಪರ್ಕ ಕಡಿಯುವ ಒಂದು ಐಸೊಲೇಟರ್ ಸ್ವಿಚ್ ಇಲ್ಲದಿದ್ದರೆ ಬಾನೆಟ್ ತೆರೆದು ಬ್ಯಾಟರಿಯ ಕೇಬಲ್ ಕಿತ್ತೆಸೆಯುವುದೊಂದೇ ದಾರಿ. ಕೆಲವು ನೂರು ರೂಪಾಯಿ ಉಳಿಸಲು ಈ ಸ್ವಿಚ್ಚನ್ನು ಬಿಡುವುದು, ಜೊತೆಗೆ ಬಂದ ದಪ್ಪ ಕೇಬಲ್ಲಿನ ಬದಲು ತೆಳು ತಂತಿ ಎಳೆಯುವುದು, ನೆಗೆಟಿವ್ ತುದಿಯನ್ನು ಬ್ಯಾಟರಿಗೆ ಒಯ್ಯದೆ ಬಂಪರಿನ ಬೋಲ್ಟಿಗೆ ಬಿಗಿಯುವುದು, ಇವು ಮೂರೂ ಬೆಂಕಿಗೆ ಕೊಡುವ ಆಹ್ವಾನ. ಎಳೆಯುವಾಗ ಎಂಜಿನ್ ಚಾಲೂ ಇರಲಿ, ಒಂದು ನಿಮಿಷ ಎಳೆದು ಮೋಟಾರು ಆರಲು ಬಿಡಿ ಎಂಬ ಎರಡು ಮಾತುಗಳನ್ನು ಪ್ರತಿ ಗ್ರಾಹಕನಿಗೂ ಮೆಕ್ಯಾನಿಕ್ ಹೇಳಿ ಕಳಿಸಬೇಕು.

ಉಕ್ಕಿನ ಹಗ್ಗವೋ ಸಿಂಥೆಟಿಕ್ ಹಗ್ಗವೋ ಎಂಬ ಚರ್ಚೆಗೆ ನನ್ನ ಉತ್ತರ ಸ್ಪಷ್ಟ: ಮಲೆನಾಡಿಗೆ ಸಿಂಥೆಟಿಕ್, ಆದರೆ ಆರೈಕೆ ಮಾಡುವ ಮನಸ್ಸಿದ್ದರೆ ಮಾತ್ರ. 28 ಮೀಟರ್ ಉಕ್ಕಿನ ಹಗ್ಗ ಹತ್ತು ಕಿಲೋ ತೂಗಿದರೆ ಅಷ್ಟೇ ಉದ್ದದ ಸಿಂಥೆಟಿಕ್ ಎರಡು ಕಿಲೋ ದಾಟುವುದಿಲ್ಲ. ಉಕ್ಕು ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಸಿಂಥೆಟಿಕ್ಕಿನಲ್ಲಿ ಆ ಅಪಾಯ ಬಹಳ ಕಡಿಮೆ. ಆದರೆ ನಮ್ಮ ಜಂಬಿಟ್ಟಿಗೆ ಮಣ್ಣಿನ ಮರಳುಕಣಗಳು ಎಳೆಗಳ ನಡುವೆ ಸೇರಿ ಒಳಗಿನಿಂದಲೇ ಅರೆಯುತ್ತವೆ, ಹಾಗಾಗಿ ಪ್ರತಿ ಬಳಕೆಯ ನಂತರ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬಿಗಿಯಾಗಿ ಮತ್ತೆ ಸುತ್ತಬೇಕು. ಹಗ್ಗ ಸುತ್ತುವ ಡ್ರಮ್ಮಿನೊಳಗೇ ಬ್ರೇಕು ಇರುವ ವಿಂಚಿನಲ್ಲಿ ವಾಹನವನ್ನು ಇಳಿಜಾರಿನಲ್ಲಿ ಇಳಿಸುತ್ತ ಹೋದರೆ ಡ್ರಮ್ಮು ಕಾದು ಹಗ್ಗ ಸುಡುತ್ತದೆ. ಹಗ್ಗ ಹೊರಬರುವ ಬಾಯಿಗೆ ಫೇರ್‌ಲೀಡ್ ಎನ್ನುತ್ತಾರೆ. ಉಕ್ಕಿಗೆ ರೋಲರ್ ಫೇರ್‌ಲೀಡ್, ಸಿಂಥೆಟಿಕ್ಕಿಗೆ ನಯವಾದ ಅಲ್ಯೂಮಿನಿಯಮ್ ಹಾಸ್ ಫೇರ್‌ಲೀಡ್ ಇರಬೇಕು. ಉಕ್ಕು ಸವೆಸಿ ಗೀರು ಬಿದ್ದ ಹಳೆಯ ರೋಲರಿನ ಮೇಲೆ ಹೊಸ ಸಿಂಥೆಟಿಕ್ ಓಡಿಸಿದರೆ ಹಗ್ಗ ಹರಿಯುವುದು ಖಚಿತ. ಉಕ್ಕೇ ಇರಲಿ ಎನ್ನುವವರು ಚರ್ಮದ ಕೈಗವಸು ಮತ್ತು ಹಗ್ಗದ ನಡುವೆ ಹೊದಿಸುವ ಭಾರದ ಹೊದಿಕೆ ಇಲ್ಲದೆ ಎಳೆಯಬಾರದು.

ವಿಂಚಿನ ಬೆಲೆಗೆ ಹಣ ಹೊಂದಿಸುವವರು ಮರಕ್ಕೆ ಸುತ್ತುವ ಅಗಲ ಪಟ್ಟಿಗೆ, ಪಟ್ಟಿಯನ್ನೂ ಹಗ್ಗವನ್ನೂ ಜೋಡಿಸುವ, ಭಾರದ ಮಿತಿ ಕೆತ್ತಿರುವ ಬೋ ಶ್ಯಾಕಲ್‌ಗೆ ಹಿಂದೆಮುಂದೆ ನೋಡುತ್ತಾರೆ. ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸುವ ಪದ್ಧತಿ ಮರದ ತೊಗಟೆಯನ್ನೂ ಹಗ್ಗವನ್ನೂ ಹಾಳುಮಾಡುತ್ತದೆ. ತೋಟಗಳಲ್ಲಿ ಎಲ್ಲೆಡೆ ಕಾಣುವ ಸಿಲ್ವರ್ ಓಕ್ ಮರಕ್ಕೆ ಕಟ್ಟುವ ಮುನ್ನ ಯೋಚಿಸಿ: ಬಿರುಗಾಳಿಗೇ ಮುರಿಯುವ ಮರ ಅದು, ಮಳೆಗೆ ಸಡಿಲಗೊಂಡ ಮಣ್ಣಿನಲ್ಲಿ ಅದನ್ನು ಅಷ್ಟಾಗಿ ನಂಬಬಾರದು, ಮೇಲಾಗಿ ಅದಕ್ಕೆ ಹಬ್ಬಿರುವ ಮೆಣಸಿನ ಬಳ್ಳಿ ಪಟ್ಟಿಯಡಿ ಜಜ್ಜಿಹೋಗುತ್ತದೆ. ಬಲಿತ ಹಲಸು ಸಿಕ್ಕರೆ ಅದರ ಬುಡಕ್ಕೆ, ನೆಲಕ್ಕೆ ಹತ್ತಿರವಾಗಿ ಪಟ್ಟಿ ಹಾಕಿ. ಇನ್ನೊಂದು ವಾಹನಕ್ಕೆ ಕೊಕ್ಕೆ ಹಾಕುವುದಾದರೆ ಟ್ರೇಲರ್ ಎಳೆಯಲು ಇರುವ ದುಂಡನೆಯ ಟೋ ಬಾಲ್‌ಗೆ ಎಂದೂ ಹಾಕಬೇಡಿ. ಅದು ಕಿತ್ತು ಹಾರಿದ ಅವಘಡಗಳಲ್ಲಿ ಜನ ಸತ್ತಿದ್ದಾರೆ. ಡ್ರಮ್ಮಿನ ಮೇಲೆ ಉಕ್ಕಿನ ಹಗ್ಗವಾದರೆ ಕನಿಷ್ಠ ಐದು ಸುತ್ತು, ಸಿಂಥೆಟಿಕ್ ಆದರೆ ಎಂಟು ಹತ್ತು ಸುತ್ತು ಉಳಿದಿರಲೇಬೇಕು, ಏಕೆಂದರೆ ಭಾರ ಹಿಡಿಯುವುದು ಆ ಸುತ್ತುಗಳ ಬಿಗಿತವೇ ಹೊರತು ತುದಿಯ ಸ್ಕ್ರೂ ಅಲ್ಲ.

ಕೂರಿಸುವ ಜಾಗದ ಬಗ್ಗೆ ಸಾರಿಗೆ ಇಲಾಖೆಯೂ ಮಾತನಾಡಬೇಕಿದೆ. ವಾಹನಗಳಿಗೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಉಲ್ಲಂಘನೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಸಂವೇದಕಗಳ ಮುಂದೆ ದಪ್ಪ ಕಬ್ಬಿಣ ಕಟ್ಟಿದರೆ ಆಗುವ ತೊಂದರೆ ನಿಜವಾದದ್ದು, ಆ ನಿಲುವನ್ನು ನಾನು ಒಪ್ಪುತ್ತೇನೆ. ಆದರೆ ಮೂಲ ಬಂಪರಿನ ಹಿಂದೆ, ಚಾಸಿಗೆ ಬೋಲ್ಟ್ ಮಾಡಿದ ಪ್ಲೇಟಿನ ಮೇಲೆ ಅಡಗಿಸಿ ಕೂರಿಸಿದ ವಿಂಚಿನ ವಿಷಯದಲ್ಲಿ ತೋಟದ ಮಾಲೀಕರು ಏನು ಮಾಡಬೇಕು, ಯಾರ ಒಪ್ಪಿಗೆ ಪಡೆಯಬೇಕು ಎಂಬುದನ್ನು ಇಲಾಖೆ ಕನ್ನಡದಲ್ಲಿ ಪ್ರಕಟಿಸಲಿ. ಹಾಗಾದರೆ ಬೀದಿಬದಿಯಲ್ಲಿ ಬಂಪರಿಗೇ ಬೆಸುಗೆ ಹಾಕಿ ಕೂರಿಸುವ, ಮೊದಲ ಬಲವಾದ ಎಳೆತಕ್ಕೇ ಕಿತ್ತು ಬರುವ ಜೋಡಣೆಗಳಾದರೂ ಕಡಿಮೆಯಾದಾವು.

ಮಾರಾಟಗಾರರಲ್ಲಿ ನನ್ನ ಕೋರಿಕೆ ಇಷ್ಟು: ಪದರವಾರು ಎಳೆತ, ಬೇಕಾಗುವ ಬ್ಯಾಟರಿ, ಎಳೆಯುವ ಮತ್ತು ವಿಶ್ರಾಂತಿಯ ಅವಧಿ, ಈ ಮೂರನ್ನು ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ ಪೆಟ್ಟಿಗೆಯ ಜೊತೆ ಕೊಡಿ. ಕೊಂಡವರು ತಿಂಗಳಿಗೊಮ್ಮೆಯಾದರೂ ಹಗ್ಗವನ್ನು ಪೂರ್ತಿ ಬಿಚ್ಚಿ, ಹಗುರ ಭಾರ ಕೊಟ್ಟು ಸುತ್ತಿಕೊಳ್ಳಲಿ. ಮಲೆನಾಡಿನ ತೇವದಲ್ಲಿ ಆರು ತಿಂಗಳು ಸುಮ್ಮನೆ ಬಿಟ್ಟ ವಿಂಚಿನ ಕಾಂಟ್ಯಾಕ್ಟುಗಳಿಗೆ ಕಿಲುಬು ಹಿಡಿದಿರುತ್ತದೆ, ಅದು ಗೊತ್ತಾಗುವುದು ಆಷಾಢದ ಮಳೆಯಲ್ಲಿ ಗಾಡಿ ಹೂತ ಮೇಲೆ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು